ಜೂಲ್ ಸೆಜಾರ್ ಸಾವಿನ್ಯಿ

ಜೂಲ್ ಸೆಜಾರ್ ಸಾವಿನ್ಯಿ (5 ಏಪ್ರಿಲ್ 1777 – 5 ಅಕ್ಟೋಬರ್ 1851) ಫ್ರಾನ್ಸಿನ ಪ್ರಾಣಿವಿಜ್ಞಾನಿ. ಅಕಶೇರುಕಗಳ ಅಂಗರಚನೆಯ ತೌಲನಿಕ ಅಧ್ಯಯನಕ್ಕೆ ಹೆಸರಾದವ. ಕೊಳವೆ ಕಟ್ಟಿಕೊಂಡು ಅದರೊಳಗೆ ಬಾಳುವ ಕಡಲ ಹುಳುಗಳ ಹೊಸ ಕುಲಗಳನ್ನೂ ಪ್ರಭೇದಗಳನ್ನೂ ಈತ ವಿವರಿಸಿದ.

ಜೀವನ

ಸಾವಿನ್ಯಿ ಪ್ರೊವಾಂ ಪಟ್ಟಣದಲ್ಲಿ ಜನಿಸಿದ. 1793ರಲ್ಲಿ ಪ್ಯಾರಿಸ್‌ಗೆ ಬಂದು ವ್ಯಾಸಂಗ ಮುಂದುವರಿಸಿದ. ಮೊದಲು ಸಸ್ಯವಿಜ್ಞಾನದಲ್ಲಿ ಆಸಕ್ತನಾಗಿದ್ದರೂ ಕುವ್ಯೆಯ ಸಲಹೆಯಂತೆ 1798ರಲ್ಲಿ, 21ನೆಯ ವಯಸ್ಸಿನಲ್ಲಿ, ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಯ ವಿದ್ವಾಂಸರ ತಂಡವನ್ನು ಪ್ರಾಣಿವಿಜ್ಞಾನಿಯಾಗಿ ಸೇರಿದ. ಅಲ್ಲಿ ಕಶೇರುಕಗಳ ಅಧ್ಯಯನ ಜೆಫ್ರಾ ಸೇಂಟ್ ಹಿಲೇರನ ಪಾಲಿಗೂ ಅಕಶೇರುಕಗಳ ಅಧ್ಯಯನ ಈತನ ಪಾಲಿಗೂ ಬಂದವು. ಕೆಂಪು ಸಮುದ್ರ ಹಾಗೂ ಮೆಡಿಟರೇನಿಯನ್ ತೀರಗಳಲ್ಲಿ ಸಂಗ್ರಹಿಸಿದ ಪ್ರಾಣಿಗಳೊಂದಿಗೆ ಸ್ವದೇಶಕ್ಕೆ ಮರಳಿದ.

ಕೊಳವೆ ಹುಳುಗಳ ಅಧ್ಯಯನ

ಲಿನೇಯಸ್ ಕೊಳವೆ ಹುಳುಗಳಾದ ಸರ್ಪುಲಾ, ಸಬೆಲ್ಲಾಗಳನ್ನು ಅವುಗಳ ಹೊರಕವಚ ನೋಡಿ ಚಿಪ್ಪುಳ್ಳ ಜೀವಿಗಳ ಸಾಲಿನಲ್ಲಿ ಇರಿಸಿದ್ದ. ಸಾವಿನ್ಯಿ ಮನೆಯನ್ನಲ್ಲ, ಒಳಗಿರುವ ಪ್ರಾಣಿಯನ್ನೇ ಆಧಾರವಾಗಿ ತೆಗೆದುಕೊಂಡ. ತಲೆಯ ರಚನೆ, ಕಿವಿರು, ದೇಹದ ಖಂಡಗಳು, ಪ್ರತಿ ಖಂಡದ ಬಿರುಗೂದಲು ಇವನ್ನು ಒಂದೊಂದಾಗಿ ಪರೀಕ್ಷಿಸಿದ. ಕೊಕ್ಕೆಯಂತೆ ಬಾಗಿದ ಸೂಕ್ಷ್ಮ ಬಿರುಗೂದಲುಗಳನ್ನು ಒಂದು ಗಣದ ಲಕ್ಷಣವೆಂದು ಗುರುತಿಸಿದ. ಹುಳು ಕೊಳವೆಯ ಒಳಗೋಡೆಯನ್ನು ಹಿಡಿದುಕೊಳ್ಳುವುದು ಇವುಗಳಿಂದಲೇ.

ಈಜಿಪ್ಟ್ ಮತ್ತು ಸಿರಿಯಾ ತೀರದ ವಲಯವಂತಗಳನ್ನು ಕುರಿತ ಈತನ ಗ್ರಂಥ 1820ರ ದಶಕದ ಆರಂಭದಲ್ಲಿ ಹೊರಬಂತು. ಅದರಲ್ಲಿ ವಿವರಿಸಿದ ಆಂಫಿಕ್ಟೆನೆ ಈಗಲೂ ಮಾನ್ಯತೆ ಪಡೆದಿರುವ ಕುಲ. ಈ ಹುಳುಗಳು ಮರಳಿನ ಕಣಗಳನ್ನು ಒಂದೇ ಪದರವಾಗಿ ಅಂಟಿಸಿ ಶಂಕುವಿನಾಕಾರದ ಕೊಳವೆ ಕಟ್ಟುತ್ತವೆ. ತಲೆಕೆಳಗಾಗಿ ಹುದುಗಿ, ತಲೆಯ ಹೊನ್ನಿನ ಬಣ್ಣದ ಬಿರುಗೂದಲುಗಳಿಂದ ಮರಳನ್ನು ಅಗೆಯುತ್ತವೆ. ನವಿಲಿನ ಹೆಸರು ಹೊತ್ತ ಸಬೆಲ್ಲಾ ಪವೊನಿನಾ ಪ್ರಭೇದವನ್ನು ಹೆಸರಿಸಿದವನೂ ಈತನೇ.

ಇತರ ಕೃತಿಗಳು

1805ರಲ್ಲಿ ಐಬಿಸ್ ಪಕ್ಷಿಯ ಬಗ್ಗೆ ಗ್ರಂಥ ಪ್ರಕಟಿಸಿದ. ಕಚ್ಚುವ ಕೀಟಗಳ ಹಾಗೂ ಹೀರುವ ಕೀಟಗಳ ಬಾಯಿ ಒಂದೇ ಬಗೆಯ ಅಂಗಗಳ ರೂಪಾಂತರವೆಂದು 1816ರಲ್ಲಿ ತೋರಿಸಿಕೊಟ್ಟ.

ದೃಷ್ಟಿನಾಶ ಮತ್ತು ಕೊನೆಯ ದಿನಗಳು

1817ರಲ್ಲಿ ಕಣ್ಣಿನ ವ್ಯಾಧಿ ಕಾಣಿಸಿಕೊಂಡಿತು. 1821ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ದೊರೆಯಿತಾದರೂ 1824ರಲ್ಲಿ ವ್ಯಾಧಿ ಮರುಕಳಿಸಿ ಸಂಶೋಧನೆ ಶಾಶ್ವತವಾಗಿ ನಿಂತಿತು. ಬೆಳಕನ್ನು ಸಹಿಸಲಾರದೆ ಕತ್ತಲಲ್ಲಿ ದಿನ ಕಳೆಯಬೇಕಾಯಿತು. ಈತ ಸಿದ್ಧಪಡಿಸಿದ್ದ ಅನೇಕ ಚಿತ್ರಫಲಕಗಳು ವಿವರಣೆಯಿಲ್ಲದೆ ಉಳಿದವು. ಸರ್ಕಾರದ ಕೋರಿಕೆಯಂತೆ ವಿಕ್ಟರ್ ಓದ್ವಾಂ ಅವಕ್ಕೆ ಸಂಕ್ಷಿಪ್ತ ಟಿಪ್ಪಣಿ ಬರೆದ. ಹೀಗಾಗಿ ಸಾವಿನ್ಯಿ ಸ್ವತಃ ಕಂಡು ಚಿತ್ರಿಸಿದ ಹಲವು ಜೀವಿಗಳಿಗೆ ಓದ್ವಾಂ ಹೆಸರಿಟ್ಟ. 27 ವರ್ಷ ಈ ಸ್ಥಿತಿಯಲ್ಲಿದ್ದು, ವರ್ಸೈ ಸಮೀಪದ ಗಾಲಿಯಲ್ಲಿ ಸಾವಿನ್ಯಿ ನಿಧನನಾದ.