ಪೀಟ್ ಮಾರವಿಚ್: ಒಂದು ಅಭ್ಯಾಸದ ಕಥೆ

ಕಾವ್ಯರಚನೆಗೆ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರು ಹೇತುಗಳು ಬೇಕೆಂದು ನಮ್ಮ ಆಲಂಕಾರಿಕರು ವಿಧಿಸಿದ್ದಾರೆ. ಮೊದಲ ಎರಡಕ್ಕೆ ನಿದರ್ಶನಗಳನ್ನು ಒದಗಿಸುವುದು ನನ್ನಂಥ ಕನ್ನಡ ಅಧ್ಯಾಪಕನಿಗೆ ಕಷ್ಟವಲ್ಲ. ಮೂರನೆಯದರ ಮಾತು ಬೇರೆ. ಕವಿಯ ಅಭ್ಯಾಸವು ಏಕಾಂತದಲ್ಲಿ ನಡೆದು ಹೋಗುತ್ತದೆ. ಲೋಕಕ್ಕೆ ಕಾಣುವುದು ಅದರ ಫಲ ಮಾತ್ರ. ಆಟಗಾರನ ಅಭ್ಯಾಸವಾದರೋ ಕಣ್ಣೆದುರಿಗೇ ನಡೆಯುತ್ತದೆ. ಆದ್ದರಿಂದಲೇ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಪೀಟ್ ಮಾರವಿಚ್‌ನ ಜೀವನ ನನ್ನನ್ನು ಬಹುಕಾಲದಿಂದ ಆಕರ್ಷಿಸಿದೆ. ಬುಟ್ಟಿಗೆ ಚೆಂಡನ್ನು ಹಾಕುವ ಕಲೆ ಮನುಷ್ಯನಿಗೆ ಹೇಗೆ ಒಲಿಯುತ್ತದೆ, ಒಲಿದ ಮೇಲೆ ಏನನ್ನು ಕೊಡುತ್ತದೆ, ಏನನ್ನು ಕೊಡಲಾರದು ಎಂಬುದೆಲ್ಲವೂ ಆ ಒಂದು ಬಾಳಿನಲ್ಲಿ ಅಡಗಿದೆ.

ಪೀಟ್ ಹುಟ್ಟಿದ್ದು 1947ನೆಯ ಇಸವಿ ಜೂನ್ 22ರಂದು, ಪೆನ್ಸಿಲ್ವೇನಿಯ ಸಂಸ್ಥಾನದ ಆಲಿಕ್ವಿಪ್ಪ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ. ವಲಸೆ ಬಂದ ಸರ್ಬ್ ಮನೆತನ. ತಂದೆ ಪ್ರೆಸ್ ಮಾರವಿಚ್ ಎರಡನೆಯ ಮಹಾಯುದ್ಧದಲ್ಲಿ ನೌಕಾದಳದ ವಿಮಾನಚಾಲಕನಾಗಿದ್ದವನು. ಬಳಿಕ ಕೆಲಕಾಲ ವೃತ್ತಿ ಆಟಗಾರನಾಗಿ, ಕೊನೆಗೆ ತರಬೇತುದಾರನಾದವನು. ತಾನು ಏರಲಾರದ ಎತ್ತರವನ್ನು ಮಗನು ಏರಬೇಕೆಂಬುದು ಆತನ ಹಂಬಲ. ಆಟವನ್ನು ಚೆನ್ನಾಗಿ ಕಲಿತರೆ ಕಾಲೇಜಿನ ವಿದ್ಯಾರ್ಥಿವೇತನ ದೊರೆಯುತ್ತದೆ, ಅನಂತರ ವೃತ್ತಿ ತಂಡ, ಒಂದು ದಿನ ಚಾಂಪಿಯನ್ನರಿಗೆ ಕೊಡುವ ಉಂಗುರ; ಇದೇ ತಂದೆ ಮಗನ ಮುಂದಿಟ್ಟ ಕನಸು.

ಏಳೆಂಟು ವರ್ಷದ ಹುಡುಗನಿಗೆ ತಂದೆ ಕೊಟ್ಟ ಮನೆಪಾಠ ವಿಚಿತ್ರವಾಗಿತ್ತು. ಚೆಂಡನ್ನು ಕುತ್ತಿಗೆ, ಸೊಂಟ, ಮೊಣಕಾಲುಗಳ ಸುತ್ತ ತಿರುಗಿಸಬೇಕು; ಕಾಲುಗಳ ನಡುವೆ ಪುಟಿಸಬೇಕು; ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪುಟಿಸಬೇಕು. ಸಿನಿಮಾ ಮಂದಿರದಲ್ಲಿ ಹುಡುಗ ನಡುದಾರಿಯ ಪಕ್ಕದ ಕುರ್ಚಿಯನ್ನೇ ಆರಿಸಿಕೊಂಡು, ಚಿತ್ರ ನೋಡುತ್ತಲೇ ಚೆಂಡನ್ನು ಪುಟಿಸುತ್ತಿದ್ದ. ತಂದೆ ಕಾರು ನಡೆಸುತ್ತಿದ್ದರೆ ಮಗ ಅದರ ಬಾಗಿಲಿನಿಂದ ಹೊರಬಾಗಿ, ಓಡುವ ನೆಲದ ಮೇಲೆ ಪುಟಿಸುತ್ತಿದ್ದ. ಇದು ಸರ್ಕಸ್ಸಿನ ಚಮತ್ಕಾರದಂತೆ ತೋರಬಹುದು. ಆದರೆ ಅಂಕ ಗಳಿಸುವ ವಿದ್ಯೆಯ ಅಡಿಪಾಯ ಇದೇ. ಚೆಂಡನ್ನು ಕಾಯುವ ಕೆಲಸವನ್ನು ಕೈಯೇ ವಹಿಸಿಕೊಂಡಾಗ ಕಣ್ಣು ಬಿಡುಗಡೆ ಹೊಂದುತ್ತದೆ. ಬಿಡುಗಡೆ ಹೊಂದಿದ ಕಣ್ಣಿಗೆ ಎದುರಾಳಿಯ ಹೆಜ್ಜೆ, ಗೆಳೆಯನ ನಿಲುವು, ಬುಟ್ಟಿಯ ದೂರ ಎಲ್ಲವೂ ಏಕಕಾಲಕ್ಕೆ ಕಾಣುತ್ತವೆ. ಮೈಯಲ್ಲಿ ಇನ್ನೂ ಬಲ ಸಾಲದ ಬಾಲಕ ಚೆಂಡನ್ನು ತಲೆಯ ಮೇಲಿಂದ ಎಸೆಯಲಾರದೆ ಸೊಂಟದ ಪಕ್ಕದಿಂದ, ಪಿಸ್ತೂಲು ಹಿರಿದಂತೆ, ಎಸೆಯುತ್ತಿದ್ದ. ‘ಪಿಸ್ತೂಲ್’ ಎಂಬ ಅಡ್ಡಹೆಸರು ಬಂದದ್ದು ಹೀಗೆ. ಅದು ಕೊನೆಯವರೆಗೂ ಉಳಿಯಿತು.

1966ರಲ್ಲಿ ತಂದೆ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾನಿಲಯದ ತರಬೇತುದಾರನಾದ. ಮಗನೂ ಅಲ್ಲಿಗೇ ಸೇರಿದ. ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡಕೂಡದೆಂಬ ನಿಯಮ ಆಗ ಇತ್ತು. ಆ ವರ್ಷ ಮುಖ್ಯ ತಂಡ ಗೆದ್ದದ್ದು 3, ಸೋತದ್ದು 23. ಪೀಟ್‌ನ ಕೊನೆಯ ವರ್ಷವಾದ 1970ರಲ್ಲಿ ಅದೇ ತಂಡ 22 ಆಟಗಳನ್ನು ಗೆದ್ದು 10ನ್ನು ಸೋತಿತು. ಮೂರು ವರ್ಷಗಳ 83 ಆಟಗಳಲ್ಲಿ ಆತ ಗಳಿಸಿದ್ದು 3,667 ಅಂಕಗಳು; ಆಟವೊಂದಕ್ಕೆ ಸರಾಸರಿ 44.2. ದೂರದ ಎಸೆತಕ್ಕೆ ಮೂರು ಅಂಕ ಕೊಡುವ ಪದ್ಧತಿ ಆಗ ಕಾಲೇಜುಗಳಲ್ಲಿ ಇರಲಿಲ್ಲವೆಂಬುದನ್ನು ನೆನೆದರೆ ಈ ಸಂಖ್ಯೆಯ ಘನತೆ ತಿಳಿಯುತ್ತದೆ.

ಆದರೆ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಖ್ಯೆ ಇನ್ನೊಂದಿದೆ. ಆ ಮೂರು ವರ್ಷಗಳಲ್ಲಿ ಆತ ಆಟದ ನಡುವೆ ಬುಟ್ಟಿಗೆ ಗುರಿಯಿಟ್ಟದ್ದು 3,166 ಸಲ. ಗುರಿ ಮುಟ್ಟಿದ್ದು 1,387. ಎಂದರೆ 1,779 ಎಸೆತಗಳು ವ್ಯರ್ಥವಾದವು. ಅಂಕ ಗಳಿಕೆಯಲ್ಲಿ ಎಲ್ಲರನ್ನೂ ಮೀರಿಸಿದವನು ಗುರಿ ಹೊಡೆದುದಕ್ಕಿಂತ ಗುರಿ ತಪ್ಪಿದ್ದೇ ಹೆಚ್ಚು. ತಪ್ಪಿದ ಎಸೆತದ ನೆನಪು ಮುಂದಿನ ಎಸೆತವನ್ನು ನಡುಗಿಸದಂತೆ ಮಾಡುವುದೂ ಅಭ್ಯಾಸದ ಒಂದು ಫಲವೆಂದು ನಾನು ಭಾವಿಸುತ್ತೇನೆ.

ಅಂಕ ಬೇರೆ, ಜಯ ಬೇರೆ ಎಂಬ ಕಹಿಸತ್ಯವೂ ಆಗಲೇ ತಲೆದೋರಿತು. 1970ರ ಫೆಬ್ರವರಿಯಲ್ಲಿ ಆಲಬಾಮದ ಎದುರು ಆತ ಒಬ್ಬನೇ 69 ಅಂಕಗಳನ್ನು ಗಳಿಸಿದ. ತಂಡ ಮಾತ್ರ 104ಕ್ಕೆ 106ರಂತೆ ಸೋತಿತು.

ಅದೇ ವರ್ಷ ಅಟ್ಲಾಂಟ ತಂಡ ಸುಮಾರು 19 ಲಕ್ಷ ಡಾಲರುಗಳಿಗೆ ಆತನನ್ನು ಪಡೆಯಿತು. ಸಹಆಟಗಾರರ ಅಸೂಯೆ ಬೆನ್ನಿಗೆ ಬಂದಿತು. ತಾರುಣ್ಯದಲ್ಲೇ ಹತ್ತಿದ ಕುಡಿತ ಬಿಡಲಿಲ್ಲ. 1974ರಲ್ಲಿ ತಾಯಿ ಆತ್ಮಹತ್ಯೆ ಮಾಡಿಕೊಂಡಳು. ಅದೇ ವರ್ಷ ಆತ ನ್ಯೂ ಆರ್ಲಿಯನ್ಸಿನ ಹೊಸ ತಂಡಕ್ಕೆ ಹೋದ. ಅಲ್ಲಿ 1977ರ ಫೆಬ್ರವರಿ 25ರಂದು ನ್ಯೂಯಾರ್ಕ್ ತಂಡದ ಎದುರು 68 ಅಂಕಗಳನ್ನು ಗಳಿಸಿ, ಆ ಋತುವಿನಲ್ಲಿ 31.1ರ ಸರಾಸರಿಯೊಡನೆ ದೇಶದ ವೃತ್ತಿ ಆಟಗಾರರಲ್ಲೆಲ್ಲ ಅಗ್ರಸ್ಥಾನ ಪಡೆದ. ಆದರೂ ಆ ಊರಿನಲ್ಲಿದ್ದಷ್ಟು ಕಾಲ ಆ ತಂಡ ಒಂದು ಋತುವಿನಲ್ಲಾದರೂ ಸೋಲಿಗಿಂತ ಹೆಚ್ಚು ಗೆಲುವನ್ನು ಕಾಣಲಿಲ್ಲ. 1978ರ ಜನವರಿಯಲ್ಲಿ ಮೊಣಕಾಲು ಮುರುಟಿತು. 1980ರಲ್ಲಿ ಬಾಸ್ಟನ್ ತಂಡವನ್ನು ಸೇರಿ, ಅದೇ ವರ್ಷ ಆಟವನ್ನೇ ತ್ಯಜಿಸಿದ. ಮರುವರ್ಷ ಬಾಸ್ಟನ್ ಚಾಂಪಿಯನ್ ಆಯಿತು. ತಂದೆ ಕನಸಿದ್ದ ಉಂಗುರ ಒಂದು ವರ್ಷದ ಅಂತರದಲ್ಲಿ ಕೈತಪ್ಪಿತು.

ಮುಂದಿನ ಎರಡು ವರ್ಷ ಆತ ಜನರಿಂದ ದೂರವಿದ್ದ. ಯೋಗ, ಸಸ್ಯಾಹಾರ, ಹಿಂದೂ ವಿಚಾರಗಳು ಎಲ್ಲವನ್ನೂ ಅರಸಿ ನೋಡಿ, 1982ರಲ್ಲಿ ಕ್ರೈಸ್ತಶ್ರದ್ಧೆಯಲ್ಲಿ ನೆಮ್ಮದಿ ಕಂಡ. ಆಮೇಲೆ ಮಕ್ಕಳಿಗಾಗಿ ಶಿಬಿರಗಳನ್ನು ನಡೆಸಿದ. ತಂದೆ ಕೊಟ್ಟಿದ್ದ ಅದೇ ಮನೆಪಾಠವನ್ನು 1987ರಲ್ಲಿ ವಿಡಿಯೋ ಪಾಠಗಳಾಗಿ ಹೊರತಂದ. ಅದೇ ವರ್ಷ ತಂದೆ ತೀರಿಕೊಂಡ. ಅದೇ ವರ್ಷ ಮಗನಿಗೆ ಬ್ಯಾಸ್ಕೆಟ್‌ಬಾಲಿನ ಕೀರ್ತಿಭವನದಲ್ಲಿ ಸ್ಥಾನ ಲಭಿಸಿತು.

1988ರ ಜನವರಿ 5ರಂದು ಕ್ಯಾಲಿಫೋರ್ನಿಯದ ಪ್ಯಾಸಡೀನದಲ್ಲಿ, ಚರ್ಚೊಂದರ ವ್ಯಾಯಾಮಶಾಲೆಯಲ್ಲಿ ಕೆಲವರೊಡನೆ ಸುಮ್ಮನೆ ಆಡುತ್ತಿದ್ದಾಗ ಆತ ಕುಸಿದುಬಿದ್ದು ಮರಣ ಹೊಂದಿದ. ವಯಸ್ಸು 40. ಶವಪರೀಕ್ಷೆಯಿಂದ ತಿಳಿದುಬಂದ ಸಂಗತಿ ವೈದ್ಯರನ್ನೂ ಬೆರಗುಗೊಳಿಸಿತು: ಹೃದಯಕ್ಕೆ ರಕ್ತ ಉಣಿಸುವ ಎಡ ಅಪಧಮನಿ ಆತನಿಗೆ ಹುಟ್ಟಿನಿಂದಲೇ ಇರಲಿಲ್ಲ. ಆ ಅಭ್ಯಾಸವೆಲ್ಲ, ಆ ಓಟವೆಲ್ಲ, ಅಪೂರ್ಣವಾದ ಹೃದಯವೊಂದರ ಬಲದಿಂದಲೇ ನಡೆದಿತ್ತು.

ಆತನ ಕಾಲೇಜು ದಾಖಲೆಗೆ 2023ರಲ್ಲಿ ಆಂಟ್ವಾನ್ ಡೇವಿಸ್ ಎಂಬ ಆಟಗಾರ ತೀರ ಸಮೀಪ ಬಂದ. ಐದು ವರ್ಷ ಆಡಿ ಮೂರು ಅಂಕಗಳಷ್ಟು ಹಿಂದುಳಿದ. 2024ರಲ್ಲಿ ಕೇಟ್ಲಿನ್ ಕ್ಲಾರ್ಕ್ ಎಂಬ ತರುಣಿ ಆ ಸಂಖ್ಯೆಯನ್ನು ದಾಟಿದಳು. ದಾಖಲೆಗಳ ಧರ್ಮವೇ ಅದು. ನನ್ನ ಮನಸ್ಸು ನಿಲ್ಲುವುದು ಬೇರೊಂದು ಕಡೆ. ಒಂದೇ ಅಭ್ಯಾಸವನ್ನು ತಂದೆ ಮಗನಿಗೆ ಉಂಗುರದ ಆಸೆಯೊಡನೆ ಕಲಿಸಿದ. ಮಗ ಪರರ ಮಕ್ಕಳಿಗೆ ಯಾವ ಉಂಗುರವನ್ನೂ ತೋರಿಸದೆ ಕಲಿಸಿದ. ಮೊದಲನೆಯದರಿಂದ ಅದ್ಭುತನಾದ ಆಟಗಾರ ಹುಟ್ಟಿದ; ಎರಡನೆಯದರಿಂದ ಆ ಆಟಗಾರನಿಗೆ ತನ್ನ ಆಟ ಮರಳಿ ದೊರೆಯಿತು. ಮಕ್ಕಳ ಮೇಲೆ ನಮ್ಮ ಈಡೇರದ ಆಸೆಗಳನ್ನು ಹೊರಿಸುವ ತಾಯಿತಂದೆಯರೂ ಉಪಾಧ್ಯಾಯರೂ ಈ ಭೇದವನ್ನು ಒಂದಿಷ್ಟು ಚಿಂತಿಸಬೇಕು.