ಆಡಿನ ಹಾಲೂ ಮಾಲ್ಟಾ ಜ್ವರವೂ: ಸರ್ ಡೇವಿಡ್ ಬ್ರೂಸನ ಚರಿತ್ರೆ

ಬೇವೂರಿನಲ್ಲಿಯೂ ಕೊಪ್ಪಳ ಸೀಮೆಯ ಇತರ ಹಳ್ಳಿಗಳಲ್ಲಿಯೂ ಕುರಿ ಆಡುಗಳನ್ನು ಸಾಕುವವರು ಅನೇಕರಿರುವದರಿಂದ, ಹಾಲಿನಲ್ಲಿ ಅಡಗಿದ್ದ ಒಂದು ರೋಗವನ್ನು ಬೆಳಕಿಗೆ ತರುವದರಲ್ಲಿ ಪ್ರಯಾಸಪಟ್ಟ ಸರ್ ಡೇವಿಡ್ ಬ್ರೂಸನ ಚರಿತ್ರೆಯು ನಮ್ಮ ಸಭೆಗಳವರಿಗೆ ಪ್ರಯೋಜನಕರವಾಗಿರುವದು.

ಈತನು 1855ನೇ ಇಸವಿಯ ಮೇ 29ರಂದು ಆಸ್ಟ್ರೇಲಿಯಾ ದೇಶದ ಮೆಲ್ಬರ್ನ್ ಪಟ್ಟಣದಲ್ಲಿ ಹುಟ್ಟಿದನು. ಐದು ವರುಷದವನಿರುವಾಗ ತಂದೆತಾಯಿಗಳು ಸ್ಕಾಟ್‌ಲೆಂಡಿನ ಸ್ಟರ್ಲಿಂಗ್ ಊರಿಗೆ ಮರಳಿದರು. ಹದಿನಾಲ್ಕನೇ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟು ಮ್ಯಾಂಚೆಸ್ಟರಿನ ಒಂದು ಉಗ್ರಾಣದಲ್ಲಿ ಕೆಲಸಕ್ಕೆ ಸೇರಿದನು. ಶ್ವಾಸಕೋಶದ ಬೇನೆ ಬಂದು ಆ ಕೆಲಸವು ತಪ್ಪಿತು; ಆದರೆ ಆ ನಷ್ಟವೇ ಆತನನ್ನು ಪುನಃ ವಿದ್ಯೆಯ ಕಡೆಗೆ ತಿರುಗಿಸಿತು. 1881ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯನಾಗಿ ತೇರ್ಗಡೆ ಹೊಂದಿ, 1883ರಲ್ಲಿ ಮೇರಿ ಸ್ಟೀಲ್ ಎಂಬಾಕೆಯನ್ನು ವಿವಾಹವಾಗಿ, ಸೈನ್ಯದ ವೈದ್ಯನಾದನು. ಮರು ವರುಷ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪಕ್ಕೆ ಆತನನ್ನು ಕಳುಹಿಸಿದರು.

ಆ ದ್ವೀಪದಲ್ಲಿ ಒಂದು ಜ್ವರವಿತ್ತು. ಅದು ಏರುತ್ತಾ ಇಳಿಯುತ್ತಾ ತಿಂಗಳುಗಟ್ಟಲೆ ಬಿಡದೆ, ಬೆವರಿನಿಂದಲೂ ಕೀಲುನೋವಿನಿಂದಲೂ ಮನುಷ್ಯನನ್ನು ಕುಗ್ಗಿಸುತ್ತಿತ್ತು. ಸಿಪಾಯಿಗಳಲ್ಲಿ ವರುಷಕ್ಕೆ ನೂರಾರು ಮಂದಿ ಮಲಗಿಬಿಡುತ್ತಿದ್ದರು. ಬ್ರೂಸನು ಈ ಜ್ವರದಿಂದ ಸತ್ತವರ ಗುಲ್ಮವನ್ನು ಪರೀಕ್ಷಿಸಿ, ಅದರಲ್ಲಿ ಅತಿ ಸಣ್ಣ ರೋಗಕ್ರಿಮಿಗಳನ್ನು ಕಂಡು, 1887ರಲ್ಲಿ ಲೋಕಕ್ಕೆ ತಿಳಿಸಿದನು. ಸೂಕ್ಷ್ಮದರ್ಶಕದ ಮುಂದೆ ಆತನ ಪತ್ನಿಯೂ ಕೂತು ದುಡಿಯುತ್ತಿದ್ದಳು.

ಕಳ್ಳನ ಗುರುತು ಸಿಕ್ಕಿತು. ಆದರೆ ಅವನು ಯಾವ ಬಾಗಿಲಿನಿಂದ ಮನೆಯೊಳಗೆ ಬರುತ್ತಾನೆಂಬದು ಇನ್ನೂ ಹದಿನೆಂಟು ವರುಷ ತಿಳಿಯಲಿಲ್ಲ. ಈ ನಡುವೆ ಬ್ರೂಸನು ಆಫ್ರಿಕಾ ಖಂಡಕ್ಕೆ ಹೋಗಿ, ದನಗಳನ್ನು ಕೊಲ್ಲುವ ನಗಾನಾ ಎಂಬ ರೋಗವು ಟ್ಸೆಟ್ಸೆ ನೊಣದಿಂದ ಹರಡುತ್ತದೆಂದು ಸ್ಥಾಪಿಸಿದನು. ಬೋಯರ್ ಯುದ್ಧದಲ್ಲಿ ಲೇಡಿಸ್ಮಿತ್ ಊರು ಮುತ್ತಿಗೆಗೆ ಸಿಕ್ಕಿದಾಗ ದಂಪತಿಗಳಿಬ್ಬರೂ ಗಾಯಪಟ್ಟವರ ಸೇವೆಮಾಡಿದರು.

1904ರಲ್ಲಿ ಮಾಲ್ಟಾ ಜ್ವರವನ್ನು ಶೋಧಿಸುವದಕ್ಕೆ ನೇಮಿಸಿದ ಮಂಡಲಿಗೆ ಬ್ರೂಸನೇ ನಾಯಕನಾದನು. ಅವರು ನೀರು, ಧೂಳು, ಸೊಳ್ಳೆ ಎಲ್ಲವನ್ನೂ ಶೋಧಿಸಿದರು. ಆಡುಗಳ ಮೇಲೆ ಮಾತ್ರ ಯಾರೂ ಸಂಶಯಪಡಲಿಲ್ಲ. ಯಾಕಂದರೆ ಅವು ಮೈತುಂಬಿಕೊಂಡು ಸುಖವಾಗಿದ್ದವು. ಕುರುಬರು ಅವುಗಳನ್ನು ಬೀದಿಯಲ್ಲಿ ಹೊಡಕೊಂಡು ಬಂದು ಮನೆಬಾಗಿಲಲ್ಲಿಯೇ ಹಾಲು ಕರೆದು ಕೊಡುತ್ತಿದ್ದರು. 1905ರಲ್ಲಿ ಮಂಡಲಿಯ ಸದಸ್ಯನಾಗಿದ್ದ ಥೆಮಿಸ್ಟೊಕ್ಲಿಸ್ ಜಾಮಿಟ್ ಎಂಬ ಮಾಲ್ಟಾದ ವೈದ್ಯನು ಆಡುಗಳ ರಕ್ತವನ್ನು ಪರೀಕ್ಷಿಸಲು, ಆರೋಗ್ಯವಾಗಿ ಕಂಡ ಆಡುಗಳಲ್ಲಿಯೇ ರೋಗದ ಗುರುತು ಸಿಕ್ಕಿತು. ಹತ್ತರಲ್ಲಿ ಒಂದರಷ್ಟು ಆಡುಗಳ ಹಾಲಿನಲ್ಲಿ ಕ್ರಿಮಿಯೇ ಇತ್ತು. 1906ರಲ್ಲಿ ಸೈನ್ಯದವರಿಗೆ ಆಡಿನ ಹಾಲನ್ನು ನಿಲ್ಲಿಸಲಾಗಿ, ಅವರಲ್ಲಿ ಜ್ವರವು ಬಹು ಬೇಗನೆ ಅಡಗಿತು. ಆದರೆ ಹಸಿ ಹಾಲನ್ನು ಬಿಡದಿದ್ದ ಊರಿನ ಜನರಲ್ಲಿ ಅದು ಇನ್ನೂ ಅನೇಕ ವರುಷ ಉಳಿಯಿತು. ಅರಿವು ಬಂದರೂ ಅಭ್ಯಾಸವನ್ನು ಬದಲಿಸದವರಿಗೆ ಅರಿವಿನಿಂದ ಲಾಭವಿಲ್ಲ.

ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲಿ ಆಕಳುಗಳ ಗರ್ಭಪಾತಕ್ಕೆ ಕಾರಣವಾದ ಕ್ರಿಮಿಯನ್ನು ಕಂಡಿದ್ದನು. ಅದೂ ಬ್ರೂಸನು ಕಂಡದ್ದೂ ಹತ್ತಿರದ ಸಂಬಂಧವುಳ್ಳವೆಂದು ಅಮೆರಿಕದ ಆಲಿಸ್ ಇವಾನ್ಸ್ ಎಂಬ ಸ್ತ್ರೀಯು 1918ರಲ್ಲಿ ತೋರಿಸಿದಳು. ಬ್ರೂಸನ ಹೆಸರಿನಿಂದಲೇ ಆ ಕ್ರಿಮಿಗೆ ಬ್ರುಸೆಲ್ಲಾ ಎಂದೂ ರೋಗಕ್ಕೆ ಬ್ರುಸೆಲ್ಲೋಸಿಸ್ ಎಂದೂ ಹೆಸರಾಯಿತು.

1931ನೇ ನವೆಂಬರಿನಲ್ಲಿ ಮೇರಿಯು ತೀರಿಕೊಂಡಳು. ನಾಲ್ಕು ದಿನಗಳ ತರುವಾಯ, 27ರಂದು, ಆಕೆಯ ಅಂತ್ಯಾರಾಧನೆ ನಡೆಯುತ್ತಿರುವಾಗಲೇ ಬ್ರೂಸನೂ ಪ್ರಾಣಬಿಟ್ಟನು. ತನ್ನ ಚರಿತ್ರೆಯನ್ನು ಬರೆಯುವವರು ಪತ್ನಿಯ ಪ್ರಯಾಸವನ್ನೂ ಬರೆಯಬೇಕೆಂಬದೇ ಆತನ ಅಪೇಕ್ಷೆಯಾಗಿತ್ತು. ಸೊತ್ತೂ ಕೀರ್ತಿಯೂ ಇಬ್ಬರ ದುಡಿತದಿಂದ ಬಂದಾಗ ಒಬ್ಬರ ಹೆಸರೇ ಸಾಲದೆಂಬದನ್ನು ನಮ್ಮ ಗಂಡಸರು ಮನಸ್ಸಿನಲ್ಲಿಡಲಿ.

ಈ ರೋಗವು ನಮ್ಮ ದೇಶದಿಂದ ಇನ್ನೂ ಹೋಗಿಲ್ಲ. ಆದಕಾರಣ, ಪ್ರಿಯ ಸಭೆಯವರೇ, ಹಾಲನ್ನು ಉಕ್ಕುವಂತೆ ಕಾಯಿಸದೆ ಕುಡಿಯಬೇಡಿರಿ, ಮಕ್ಕಳಿಗೂ ಕುಡಿಸಬೇಡಿರಿ. ಕುರಿ, ಆಡು ಇಲ್ಲವೆ ಎಮ್ಮೆಯು ಕಂದು ಹಾಕಿದರೆ ಅದನ್ನು ಬರಿಗೈಯಿಂದ ಮುಟ್ಟದೆ ಆಳವಾಗಿ ಹೂಳಿರಿ, ನಾಯಿಗಳಿಗೆ ಎಸೆಯಬೇಡಿರಿ. ಗರ್ಭಿಣಿ ಸ್ತ್ರೀಯರನ್ನು ಆ ಕೆಲಸಕ್ಕೆ ಹಚ್ಚಬೇಡಿರಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಪಶುವೈದ್ಯರಿಂದ ಲಸಿಕೆ ಹಾಕಿಸಿರಿ. ಜ್ವರವು ಬಿಟ್ಟು ಬಿಟ್ಟು ಬರುತ್ತಿದ್ದರೆ ಕುರಿ ಸಾಕುವವರೆಂದು ವೈದ್ಯನಿಗೆ ತಪ್ಪದೆ ತಿಳಿಸಿರಿ. ದೇವರು ನಮಗೆ ಮಂದೆಯನ್ನು ಕೊಟ್ಟಿದ್ದಾನೆ. ಒಲೆಯ ಬೆಂಕಿಯನ್ನೂ ಕೊಟ್ಟಿದ್ದಾನೆ. ಎರಡನ್ನೂ ಬುದ್ಧಿಯಿಂದ ಉಪಯೋಗಿಸುವದು ನಮ್ಮ ಕರ್ತವ್ಯ.