ಲಿಪಿವೀರ ಯೆನ್ ಝೆನ್‌ಚಿಂಗ್

ಮರಳ ಮೇಲೆ ಬೆರಳಿಟ್ಟು ಅಕ್ಷರ ತಿದ್ದಿದ ದಿನಗಳನ್ನು ನಮ್ಮ ಹಿರಿಯರು ನೆನೆಯುವುದುಂಟು. ಎಲ್ಲಿಂದ ಆರಂಭಿಸಿ ಎತ್ತ ತಿರುಗಿಸಬೇಕೆಂಬುದನ್ನು ಗುರುಗಳು ಕೈಹಿಡಿದು ಕಲಿಸುತ್ತಿದ್ದರು. ಚೀನೀ ಲಿಪಿಯಲ್ಲಿ ಈ ಕ್ರಮಕ್ಕೆ ಇನ್ನೂ ಹೆಚ್ಚಿನ ಮಹತ್ತ್ವವಿದೆ. ಅಲ್ಲಿ ಒಂದೊಂದು ಅಕ್ಷರವೂ ಹಲವು ಗೆರೆಗಳ ಕಟ್ಟಡ. ಮೇಲಿನದು ಮೊದಲು, ಕೆಳಗಿನದು ಅನಂತರ. ಎಡದ್ದು ಮೊದಲು, ಬಲದ್ದು ಅನಂತರ. ಅಡ್ಡಗೆರೆ ಮೊದಲು, ಅದನ್ನು ಹಾಯುವ ಉದ್ದಗೆರೆ ಅನಂತರ. ದೇಶ ಎಂಬರ್ಥದ ಅಕ್ಷರದಲ್ಲಿ ಚೌಕದ ಮೂರು ಪಕ್ಕಗಳನ್ನೆಳೆದು, ಒಳಗಿನದನ್ನು ಬರೆದು, ಕಟ್ಟಕಡೆಗೆ ಕೆಳಗಿನ ಗೆರೆಯಿಂದ ಮುಚ್ಚಬೇಕು. ಮನೆಯೊಳಗೆ ಹೊಕ್ಕ ಮೇಲೆ ಕದವಿಕ್ಕಿಕೊಂಡಂತೆ. ಹೀಗೆ ಬರೆಯಲು ಕಲಿಯುವವರು ಶತಮಾನಗಳಿಂದ ಮೇಲ್ಪಂಕ್ತಿಯಾಗಿ ಇಟ್ಟುಕೊಂಡು ಬಂದಿರುವ ಬರಹಗಳಲ್ಲಿ ಯೆನ್ ಝೆನ್‌ಚಿಂಗನದು ಅಗ್ರಗಣ್ಯವಾದುದು.

ಆತನು ತಾಂಗ್ ವಂಶದ ಆಳ್ವಿಕೆಯಲ್ಲಿ, 709ರಲ್ಲಿ, ವಿದ್ವಾಂಸರ ಮನೆತನವೊಂದರಲ್ಲಿ ಜನಿಸಿದನು. ಶೈಶವದಲ್ಲೇ ತಂದೆಯನ್ನು ಕಳೆದುಕೊಂಡು ತಾಯಿಯ ಆರೈಕೆಯಲ್ಲಿ ಬೆಳೆದನು. ಕಾಗದ ಕೊಳ್ಳಲು ಹಣವಿಲ್ಲದೆ ಹಳದಿ ಮಣ್ಣನ್ನು ನೀರಿನಲ್ಲಿ ಕಲಸಿ ಗೋಡೆಯ ಮೇಲೆ ಬರೆದು ಕಲಿತನೆಂದು ಐತಿಹ್ಯವಿದೆ. 734ರಲ್ಲಿ ರಾಜ್ಯದ ಮಹಾಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅಧಿಕಾರಿಯಾದನು. ಅಷ್ಟಕ್ಕೇ ತೃಪ್ತನಾಗದೆ ಝಾಂಗ್ ಶು ಎಂಬ ಪ್ರಸಿದ್ಧ ಲಿಪಿಕಾರನ ಶಿಷ್ಯನಾದನು. ಈ ಗುರುವಿನ ಕುಂಚ ಹುಚ್ಚುಹೊಳೆಯಂತೆ ಹರಿಯುವುದಕ್ಕೆ ಹೆಸರಾದುದು. ಆದರೆ ಗೆರೆಗೆರೆಯನ್ನೂ ಬಿಡಿಸಿ ಬರೆಯುವ ಶುದ್ಧಲಿಪಿಯಲ್ಲಿಯೂ ಆತನು ನಿಷ್ಣಾತ. ಶಿಸ್ತು ಅರಿತವನಿಗೇ ಓಟ ಒಲಿಯುವುದೆಂಬುದಕ್ಕೆ ಗುರುವೇ ನಿದರ್ಶನವಾಗಿದ್ದನು.

752ರಲ್ಲಿ ಯೆನ್ ಬರೆದ ಪ್ರಭೂತರತ್ನ ಸ್ತೂಪದ ಶಿಲಾಶಾಸನ ಇಂದು ಶಿಯಾನ್ ನಗರದ ಶಿಲಾಶಾಸನಗಳ ಸಂಗ್ರಹಾಲಯದಲ್ಲಿದೆ. ಅದರ ಅಚ್ಚನ್ನು ಮುಂದಿಟ್ಟುಕೊಂಡು ಬರೆಯುವ ವಿದ್ಯಾರ್ಥಿಗಳು ಇಂದಿಗೂ ಅಸಂಖ್ಯರು.

ಆದರೆ ಆತನ ನಿಜವಾದ ಪರೀಕ್ಷೆ ಮುಂದಿತ್ತು. ಪಿಂಗ್‌ಯುವಾನ್ ಪ್ರಾಂತದ ಅಧಿಪತಿಯಾಗಿದ್ದಾಗ, ದಂಡನಾಯಕ ಅನ್ ಲುಶಾನನು ದಂಗೆಯೇಳುವನೆಂದು ಯೆನ್ ಮೊದಲೇ ಊಹಿಸಿದನು. ಮಳೆಯ ನೆಪ ಹೇಳಿ ಕೋಟೆಯನ್ನು ದುರಸ್ತಿ ಮಾಡಿಸಿ, ಕಣಜಗಳನ್ನು ತುಂಬಿಸಿದನು. ಅನುಮಾನ ಬಾರದಿರಲೆಂದು ತಾನು ಮಾತ್ರ ಸ್ನೇಹಿತರೊಡನೆ ದೋಣಿವಿಹಾರ ಮಾಡುತ್ತ, ಕಾವ್ಯವಿನೋದದಲ್ಲಿ ಮುಳುಗಿದವನಂತೆ ನಟಿಸಿದನು. 755ರಲ್ಲಿ ದಂಗೆ ಸಿಡಿದು ನೆರೆಯ ಪ್ರಾಂತಗಳು ಒಂದೊಂದಾಗಿ ಶರಣಾದಾಗ ಪಿಂಗ್‌ಯುವಾನ್ ತಲೆಯೆತ್ತಿ ನಿಂತಿತು. ಬಂಧುವಾದ ಯೆನ್ ಗಾವ್‌ಚಿಂಗನೂ ಚಾಂಗ್‌ಶಾನಿನಲ್ಲಿ ಎದುರುನಿಂತನು. 756ರಲ್ಲಿ ಆ ಕೋಟೆ ಬಿದ್ದು, ಆತನೂ ಆತನ ಮಗ ಜಿಮಿಂಗನೂ ಹತರಾದರು.

758ರಲ್ಲಿ ಜಿಮಿಂಗನ ಶಿರಸ್ಸು ಮಾತ್ರ ಮನೆಯವರಿಗೆ ದೊರೆಯಿತು. ಆ ತರುಣನಿಗೆ ಶ್ರದ್ಧಾಂಜಲಿ ಬರೆಯಲು ಯೆನ್ ಕುಂಚ ಹಿಡಿದನು. 230ಕ್ಕೂ ಹೆಚ್ಚು ಅಕ್ಷರಗಳ ಆ ಕರಡು ತಾಯ್ಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಪದಗಳನ್ನು ಹೊಡೆದುಹಾಕಿದ್ದಾನೆ; ಮೇಲೆ ಬೇರೆ ಬರೆದಿದ್ದಾನೆ; ಮಸಿಯಾರಿದ ಕುಂಚದಿಂದಲೇ ಮುಂದುವರಿದಿದ್ದಾನೆ. ಹೀಗೆ ಅವಸರದಲ್ಲಿ ಬರೆದಾಗ ಗೆರೆಗಳು ಒಂದರೊಳಗೊಂದು ಬೆಸೆದುಕೊಳ್ಳುತ್ತವೆ. ಕ್ರಮ ರೂಢಿಯಾದ ಕೈಯಲ್ಲಿ ಆ ಬೆಸುಗೆಯೂ ಬಹುಮಟ್ಟಿಗೆ ಕ್ರಮದಲ್ಲೇ ನಡೆಯುವುದರಿಂದ, ಕ್ರಮ ಬಲ್ಲ ಕಣ್ಣು ಅದನ್ನು ಓದಬಲ್ಲುದು. ದುಃಖ ಪದಗಳನ್ನು ತಡವರಿಸುವಂತೆ ಮಾಡಿತು. ಅಕ್ಷರವನ್ನು ಮಾತ್ರ ಕೆಡಿಸಲಾರದೆ ಹೋಯಿತು.

ಅಕ್ಷರಶುದ್ಧಿಯಲ್ಲಿ ಆತನಿಗೆ ಕೊನೆಯವರೆಗೂ ಆಸ್ಥೆಯಿತ್ತು. ಅಕ್ಷರಗಳ ಸರಿರೂಪ, ರೂಢಿರೂಪಗಳನ್ನು ವಿಂಗಡಿಸಿ ದೊಡ್ಡಪ್ಪ ಯೆನ್ ಯುವಾನ್‌ಸುನ್ ರಚಿಸಿದ್ದ ಕೋಶವನ್ನು 774ರಲ್ಲಿ ಹೂಝೌ ಪಟ್ಟಣದಲ್ಲಿ ತನ್ನ ಕೈಯಿಂದಲೇ ಬರೆದು ಕಲ್ಲಿನಲ್ಲಿ ಕೆತ್ತಿಸಿದನು.

ಎಪ್ಪತ್ತು ದಾಟಿದ ಆತನನ್ನು, ಆಸ್ಥಾನದ ಮಂತ್ರಿ ಲು ಚಿ ದ್ವೇಷದಿಂದ ದಂಗೆಕೋರ ಲಿ ಶಿಲಿಯೆಯ ಬಳಿಗೆ ದೂತನಾಗಿ ಅಟ್ಟಿಸಿದನು. ಹೋದರೆ ಸಾವೆಂಬುದು ಎಲ್ಲರೂ ಬಲ್ಲ ಮಾತು. ಯೆನ್ ಹೋದನು. ಪದವಿಯ ಆಮಿಷಕ್ಕೂ ಬೆಂಕಿಯ ಬೆದರಿಕೆಗೂ ಬಗ್ಗಲಿಲ್ಲ. 785ರಲ್ಲಿ ಅಲ್ಲಿಯೇ ಆತನನ್ನು ಉರುಲು ಬಿಗಿದು ಕೊಂದರು.

ಗೆರೆಯ ಕ್ರಮ ಅಲ್ಪವಿಷಯವೆಂದು ತೋರಬಹುದು. ಯಾರೂ ನೋಡದಾಗ ತಪ್ಪಿಸಿದರೂ ಅಕ್ಷರ ಅಕ್ಷರವಾಗಿಯೇ ಕಾಣುತ್ತದೆ. ಆದರೆ ಕೈ ನಡುಗುವ ದಿನವೊಂದು ಎಲ್ಲರ ಬಾಳಿನಲ್ಲಿಯೂ ಬರುತ್ತದೆ. ಅಂದು ನೆರವಾಗುವುದು ಅಂದಿನ ಪ್ರಯತ್ನವಲ್ಲ, ಗೋಡೆಯ ಮೇಲೆ ಮಣ್ಣಿನಿಂದ ತಿದ್ದಿದ ಬಾಲ್ಯದ ಅಭ್ಯಾಸ.